ಕುದಿನೀರು ಆರಿದ ಮೇಲೆ

ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯ. ಪ್ರಾಯೋಗಿಕ ಪರೀಕ್ಷೆಗೆ ಇನ್ನೊಂದೇ ವಾರ. ಅಮೋನಿಯಾದ ಘಾಟು ಬಾಗಿಲಲ್ಲೇ ಮೂಗಿಗೆ ಹೊಡೆಯುತ್ತದೆ. ಮರದ ಸ್ಟ್ಯಾಂಡುಗಳಲ್ಲಿ ಸಾಲಾಗಿ ನಿಂತ ಪ್ರನಾಳಗಳು, ನೀಲಿ ಉರಿಯ ಬರ್ನರುಗಳು, ಪ್ರತಿಯೊಬ್ಬರ ಮುಂದೆಯೂ ಪೊಟ್ಟಣದಲ್ಲಿ ಚಿಟಿಕೆ ಬಿಳಿ ಪುಡಿ. ನೋಡಲು ಅಡುಗೆ ಉಪ್ಪಿನಂತೆಯೇ ಇದೆ. ಒಳಗಿರುವ ಲೋಹ ಯಾವುದೆಂದು ನಾಲಿಗೆಯನ್ನು ಕೇಳುವಂತಿಲ್ಲ, ನೀರನ್ನೇ ಕೇಳಬೇಕು.

ಕಿಟಕಿ ಪಕ್ಕದ ಹುಡುಗಿ ಪುಡಿಯನ್ನು ಬಟ್ಟಿ ನೀರಿನಲ್ಲಿ ಕರಗಿಸಿ, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಟ್ಟಳು. ತಿಳಿನೀರು ಹಾಲಾಯಿತು. ಒಂದನೇ ಗುಂಪು! ಆದರೂ ಅವಳಿಗೆ ಅವಸರವಿಲ್ಲ. ಬೆಳ್ಳಿಯೂ ಹೀಗೇ ಬಿಳಿಯಾಗಿ ತಳ ಸೇರುತ್ತದೆ. ಮೇಲಿನ ದ್ರಾವಣ ಬಸಿದು, ಹೊಸ ನೀರು ಹಾಕಿ ಕಾಯಿಸಿದಳು. ಕುದಿ ಬರುತ್ತಿದ್ದಂತೆ ಬಿಳುಪು ಮಾಯ. ಬೆಳ್ಳಿಯ ಕ್ಲೋರೈಡ್ ಕುದಿನೀರಿಗೂ ಬಗ್ಗುವುದಿಲ್ಲ. ಸೀಸದ್ದು ಲೀಟರ್ ತಣ್ಣೀರಿನಲ್ಲಿ ಸುಮಾರು 10 ಗ್ರಾಂ, ಕುದಿನೀರಿನಲ್ಲಿ 30 ಗ್ರಾಂಗೂ ಮೀರಿ ಕರಗುತ್ತದೆ.

ಆ ಬಿಸಿ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬಿದ್ದದ್ದೇ ತಡ, ಅರಿಸಿನ ಕಲಸಿದಂತಾಯಿತು. ಇನ್ನಷ್ಟು ನೀರು ಬೆರೆಸಿ ಮತ್ತೆ ಕುದಿಸಿದಳು. ಹಳದಿಯೂ ಕರಗಿ ನೀರು ತಿಳಿಯಾಯಿತು. ಈಗ ಪ್ರನಾಳವನ್ನು ನಲ್ಲಿಯ ಕೆಳಗೆ ಹಿಡಿದಳು. ಮೊದಲು ಒಂದು ಮಿಣುಕು, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ಕಾಗೆಬಂಗಾರದ ಪುಡಿ ತೂರಿದಂತೆ ಹೊಂಬಣ್ಣದ ಹಳಕುಗಳು ಹೊರಳುತ್ತ, ಹೊಳೆಯುತ್ತ ಇಳಿದವು. ಅಕ್ಕಪಕ್ಕದವರು ತಮ್ಮ ಪ್ರನಾಳ ಬಿಟ್ಟು ಬಂದು ನಿಂತರು. ಎಷ್ಟು ವರ್ಷ ನೋಡಿದರೂ ನನಗೂ ಅಲ್ಲಿಂದ ಕಣ್ಣು ಕೀಳಲಾಗುವುದಿಲ್ಲ.

ಮಕ್ಕಳು ಬಾಯಿಪಾಠ ಮಾಡುವ ಗುಂಪುಗಳ ಪಟ್ಟಿಯ ಒಳಗುಟ್ಟು ಇದೇ: ಯಾವ ಲವಣ ಎಲ್ಲಿ ಕರಗದು ಎಂಬುದು. ಹೈಡ್ರೋಜನ್ ಸಲ್ಫೈಡ್ ಹಾಯಿಸಿದರೆ ತಾಮ್ರದ ಸಲ್ಫೈಡ್ ಆಮ್ಲದಲ್ಲೂ ಕಪ್ಪಾಗಿ ಬೀಳುತ್ತದೆ. ಸತುವಿನದು ಅಮೋನಿಯಾ ಸೇರುವ ತನಕ ಕಾಯುತ್ತದೆ. ಮೆಗ್ನೀಸಿಯಂ ಎಲ್ಲ ಜರಡಿಗಳನ್ನೂ ದಾಟಿ ಕೊನೆಗೆ ಸಿಗುತ್ತದೆ. ಜರ್ಮನಿಯ ಫ್ರೆಸೇನಿಯಸ್ ಇಂಥ ಕ್ರಮಬದ್ಧ ಪರೀಕ್ಷೆಯ ಕೈಪಿಡಿಯನ್ನು 1841ರಲ್ಲಿ ಹೊರತಂದಾಗ ಅವನಿಗಿನ್ನೂ 22 ವರ್ಷ.

ಸೀಸದ ಕ್ಲೋರೈಡ್ ಪೂರ್ತಿ ತಳ ಸೇರುವುದಿಲ್ಲ. ಬಸಿದ ನೀರಿನಲ್ಲಿ ಉಳಿದ ಸೀಸ ಎರಡನೇ ಗುಂಪಿನಲ್ಲಿ ಕಪ್ಪು ಸಲ್ಫೈಡ್ ಆಗಿ ಮತ್ತೆ ಮುಖ ತೋರಿಸುತ್ತದೆ. ಸಿಂಕಿಗೆ ಸುರಿದರೂ ಅಷ್ಟೇ, ಅದು ನೀರಿನ ಜೊತೆಗೇ ಹರಿದುಹೋಗುತ್ತದೆ. ಮೇಷ್ಟ್ರುಗಳೇ, ಮೇಜಿನ ತುದಿಯಲ್ಲಿ ಸೀಸದ ತ್ಯಾಜ್ಯಕ್ಕೆಂದೇ ಮುಚ್ಚಳವಿರುವ ಒಂದು ಕ್ಯಾನ್ ಇಡಿಸಿ.