ಪಾದರಸ: ಉಪಯೋಗ, ಅಪಾಯ ಮತ್ತು ನಮ್ಮ ಹೊಣೆ

ಲೋಹವಾಗಿದ್ದರೂ ದ್ರವರೂಪದಲ್ಲಿಯೇ ಇರುವ ಪಾದರಸವು ಶಾಲೆಯ ಪ್ರಯೋಗಾಲಯವನ್ನು ಕಂಡವರೆಲ್ಲರಿಗೂ ಪರಿಚಿತವಾದುದು. ಉಷ್ಣಮಾಪಕ, ವಾಯುಭಾರಮಾಪಕಗಳಲ್ಲಿ ಉಪಕಾರಿಯಾದ ಈ ವಸ್ತುವು ನೀರು ಗಾಳಿಗಳನ್ನು ಸೇರಿದಾಗ ವಿಷವಾಗುತ್ತದೆ. ಮೂಲಧಾತುವಾದುದರಿಂದ ಅದು ಕೊಳೆತು ನಾಶವಾಗುವುದಿಲ್ಲ. ರೂಪವನ್ನು ಮಾತ್ರ ಬದಲಿಸುತ್ತದೆ.

ನೀರಿನ ತಳದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಇದು ಕಿರುಮೀನುಗಳಿಂದ ಹಿರಿಯ ಮೀನುಗಳಿಗೆ ಸಾಗುತ್ತ, ಹಂತಹಂತಕ್ಕೂ ಹೆಚ್ಚಿ, ಕಡೆಗೆ ಮನುಷ್ಯನನ್ನು ಸೇರುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಗುರುತಿಸಲ್ಪಟ್ಟ ಭೀಕರ ನರರೋಗಕ್ಕೆ ಕಾರ್ಖಾನೆಯೊಂದು ಕೊಲ್ಲಿಗೆ ಹರಿಸಿದ ಪಾದರಸವೇ ಕಾರಣವಾಗಿತ್ತು. ಗರ್ಭಸ್ಥ ಶಿಶುಗಳೂ ಅದಕ್ಕೆ ತುತ್ತಾದವು.

ನಮ್ಮ ರಾಜ್ಯವೂ ಈ ಪ್ರಶ್ನೆಯನ್ನು ಎದುರಿಸಿದೆ. ಕಾರವಾರದ ಬಳಿಯ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ಮೊದಲು ಪಾದರಸದ ವಿಧಾನವೇ ಬಳಕೆಯಲ್ಲಿತ್ತು. ಉಪ್ಪುನೀರಿನಲ್ಲಿ ವಿದ್ಯುತ್ತನ್ನು ಹರಿಸುವ ಈ ವಿಧಾನದಲ್ಲಿ ಪಾದರಸವು ಸೋಡಿಯಂ ಅನ್ನು ಹಿಡಿದುಕೊಂಡು ಬಳಿಕ ನೀರಿಗೆ ಬಿಟ್ಟುಕೊಡುತ್ತದೆ. ಪಾದರಸವನ್ನು ಪುನಃ ಬಳಸಬಹುದಾದರೂ ಅದರ ಅಲ್ಪಾಂಶವು ತ್ಯಾಜ್ಯದೊಡನೆ ಹೊರಬೀಳುವ ಸಂಭವವುಂಟು. ಈ ಕಾರ್ಖಾನೆಯ ಸಮೀಪದ ಪಾದರಸವನ್ನು ಕುರಿತು ಪಿ. ಕೆ. ಕೃಷ್ಣಕುಮಾರ್ ಮತ್ತು ವಿ. ಕೃಷ್ಣ ಪಿಳ್ಳೈ ಎಂಬ ವಿಜ್ಞಾನಿಗಳು ನಡೆಸಿದ ಸಂಶೋಧನೆಯು 1990ರಲ್ಲಿ ಪ್ರಕಟವಾಯಿತು.

2003ರಲ್ಲಿ ಕೇಂದ್ರ ಸರ್ಕಾರವೂ ಉದ್ಯಮಗಳೂ ಕೂಡಿ ಪರಿಸರ ಸಂರಕ್ಷಣೆಯ ಹೊಣೆಗಾರಿಕೆಯ ಸನ್ನದೊಂದನ್ನು ಒಪ್ಪಿಕೊಂಡವು. ಕಾನೂನು ವಿಧಿಸಿದುದಕ್ಕಿಂತ ಮುಂದೆ ಹೋಗಿ, ಸ್ವಇಚ್ಛೆಯಿಂದ, 2012ರೊಳಗೆ ಪಾದರಸವನ್ನು ತ್ಯಜಿಸಿ ಪೊರೆಯ ವಿಧಾನಕ್ಕೆ ಬರುವುದೆಂದು ಅದರಲ್ಲಿ ನಿಶ್ಚಯಿಸಲಾಯಿತು. ಪೊರೆಯ ವಿಧಾನಕ್ಕೆ ವಿದ್ಯುತ್ತೂ ಕಡಿಮೆ ಸಾಕು. ಬಿಣಗಾದ ಕಾರ್ಖಾನೆಯೂ ಈ ವಿಧಾನವನ್ನು ಕೈಗೊಂಡಿತು. 2013ರ ಮಿನಮಾಟಾ ಒಪ್ಪಂದವನ್ನು ಭಾರತವು 2018ರಲ್ಲಿ ಸ್ಥಿರೀಕರಿಸಿತು.

ಕಡಲಿನಿಂದ ಬಹುದೂರವಿರುವ ನರೋಣಾಕ್ಕೆ ಇದರಿಂದೇನು ಎಂದು ಕೇಳಬಹುದು. ಒಂದು ಜ್ವರಮಾಪಕದಲ್ಲಿ ಸುಮಾರು 1 ಗ್ರಾಂ ಪಾದರಸವಿರುತ್ತದೆ. ಅದು ಒಡೆದಾಗ ಉರುಳುವ ಮಣಿಗಳು ಮಕ್ಕಳಿಗೆ ಆಟಿಕೆಯಂತೆ ತೋರುತ್ತವೆ. ಆದರೆ ಅವುಗಳಿಂದೇಳುವ ಕಣ್ಣಿಗೆ ಕಾಣದ, ವಾಸನೆಯಿಲ್ಲದ ಆವಿಯು ಉಸಿರಿನೊಡನೆ ದೇಹವನ್ನು ಸೇರುತ್ತದೆ. ಆಗ ಮಕ್ಕಳನ್ನು ಹೊರಗೆ ಕಳುಹಿಸಿ ಕಿಟಕಿಗಳನ್ನು ತೆರೆಯಬೇಕು. ಕಸಬರಿಗೆಯಿಂದ ಗುಡಿಸಿದರೆ ಮಣಿಗಳು ಒಡೆದು ಹರಡುತ್ತವೆ. ಆದುದರಿಂದ ಕೈಗವಸು ತೊಟ್ಟು, ಗಟ್ಟಿ ಕಾಗದದಿಂದ ಅವನ್ನು ಕೂಡಿಸಿ, ನೀರಿರುವ ಸೀಸೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿಡಬೇಕು. ಚರಂಡಿಗೆ ಎಸೆಯದೆ, ಅದರ ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಲಹೆಯನ್ನು ಪಡೆಯುವುದು ಲೇಸು.

ಕಾರ್ಖಾನೆಗಳು ಮಾಡಿದ ಸಂಕಲ್ಪವನ್ನು ಶಾಲೆಗಳೂ ಮಾಡಬಲ್ಲವು. ಮದ್ಯಸಾರದ ಇಲ್ಲವೆ ವಿದ್ಯುನ್ಮಾನ ಉಷ್ಣಮಾಪಕಗಳು ಶಾಲೆಯ ಪ್ರಯೋಗಗಳಿಗೆ ಸಾಕು. ಶಿಕ್ಷಕರು ಮನಸ್ಸು ಮಾಡಿ, ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೈಜೋಡಿಸಿದರೆ ಪಾದರಸವಿಲ್ಲದ ಪ್ರಯೋಗಾಲಯವು ದುಬಾರಿಯ ಮಾತಲ್ಲ. ಮಕ್ಕಳ ಆರೋಗ್ಯಕ್ಕೆ ಸಲ್ಲುವ ದಾನವು ವಿದ್ಯಾದಾನದ ಒಂದು ಅಂಗವೇ ಸರಿ.