ಸಿಹಿಗುಳಿಗೆ: ಯಾರ ಮಾತನ್ನು ನಂಬಬೇಕು?

ಗರ್ಭಿಣಿಗೆ ಮಧುಮೇಹವಿದೆಯೆಂದು ತಿಳಿದ ದಿನದಿಂದ ಮನೆಯಲ್ಲಿ ಚಹಾದ ಲೋಟವೂ ಚಿಂತೆಗೆ ಕಾರಣವಾಗುತ್ತದೆ. ಸಕ್ಕರೆಗೆ ಬದಲಾಗಿ ಬಳಸುವ ಗುಳಿಗೆಯಿಂದ ಕ್ಯಾನ್ಸರ್ ಬರುತ್ತದೆಂದು ಒಬ್ಬರು, ಎಷ್ಟು ಸೇವಿಸಿದರೂ ಬಾಧಕವಿಲ್ಲವೆಂದು ಇನ್ನೊಬ್ಬರು, ಬೆಲ್ಲ ಹಾಕಿದರಾಯಿತೆಂದು ಮತ್ತೊಬ್ಬರು ಹೇಳುತ್ತಾರೆ. ದಂಪತಿಗಳೇ, ಇಂತಹ ಮಾತುಗಳನ್ನು ಮೂರು ಪ್ರಶ್ನೆಗಳಿಂದ ತೂಗಿ ನೋಡಿರಿ.

1. ಹೇಳುವವರು ಯಾರು? ಗುಳಿಗೆಯನ್ನು ಮಾರುವವನೂ, ಅದನ್ನು ದೂಷಿಸಿ ತನ್ನ ಚೂರ್ಣವನ್ನು ಮಾರುವವನೂ ನಿಷ್ಪಕ್ಷಪಾತಿಗಳಲ್ಲ.

2. ಪೂರ್ತಿ ಹೇಳಿದರೇ? 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆಸ್ಪರ್ಟೇಮನ್ನು ಕ್ಯಾನ್ಸರ್‌ಕಾರಕವಾಗಿರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. ಸಾಕ್ಷ್ಯವು ಸೀಮಿತವೆಂದೂ ತಿಳಿಸಿತು. ಅದೇ ವೇಳೆ ಆಹಾರ ತಜ್ಞರ ಸಮಿತಿಯು, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಿಂದಿನ ಮಿತಿಯನ್ನೇ ಉಳಿಸಿತು. 50 ಕಿಲೋ ತೂಗುವವರಿಗೆ ಇದು 2,000 ಮಿಲಿಗ್ರಾಂ. ಅರ್ಧಸತ್ಯವು ವೃಥಾ ಭಯವನ್ನು ಹುಟ್ಟಿಸುತ್ತದೆ.

3. ಯಾರಿಗೆ ಅನ್ವಯ? 1970ರ ದಶಕದಲ್ಲಿ ಸ್ಯಾಕರಿನ್ ತಿಂದ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಕಂಡವು. ಆ ಕಾರಣವು ಮನುಷ್ಯರಿಗೆ ಅನ್ವಯಿಸದೆಂದು ಮುಂದೆ ತಿಳಿದುಬಂತು. ಆದರೆ ಫೀನೈಲ್‌ಕೀಟೋನೂರಿಯ ಎಂಬ ಹುಟ್ಟುರೋಗವುಳ್ಳವರಿಗೆ ಆಸ್ಪರ್ಟೇಮ್ ನಿಜವಾಗಿಯೂ ಅಪಾಯಕರ. ಗರ್ಭಿಣಿಯು ವೈದ್ಯರನ್ನು ಕೇಳದೆ ಯಾವ ಸಿಹಿಗುಳಿಗೆಯನ್ನೂ ಸೇವಿಸಬಾರದು.

ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ ಎಂಬುದನ್ನು ಮರೆಯದಿರಿ.

ಸಂಶಯವಿದ್ದಲ್ಲಿ ಗುಳಿಗೆಯ ಪೊಟ್ಟಣವನ್ನು ಹಿಡಿದುಕೊಂಡು ಪತಿಪತ್ನಿಯರಿಬ್ಬರೂ ಕುಂದಾಪುರದ ತಾಲ್ಲೂಕು ಆಸ್ಪತ್ರೆಗೋ, ಬೈಂದೂರು ಅಥವಾ ಬ್ರಹ್ಮಾವರದ ಸಮುದಾಯ ಆರೋಗ್ಯ ಕೇಂದ್ರಕ್ಕೋ ಹೋಗಿ ವೈದ್ಯರಿಗೆ ತೋರಿಸಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ಹಿರಿಯರ ಮಾತು. ಬರಿದೇ ಕೇಳಿದ ಮಾತಿಗಂತೂ ಅದು ಇನ್ನಷ್ಟು ಸಲ್ಲುತ್ತದೆ.