ಕಾರಂಜಾದ ಸೂಕ್ಷ್ಮಜೀವಿಗಳೂ ನಮ್ಮ ಹಳ್ಳದ ನೀರೂ

ಬೀದರದ ಬಯಲಿಗೂ ನಮ್ಮ ತೋಟಗಳಿಗೂ ಏನು ಸಂಬಂಧವೆಂದು ಸದಸ್ಯರು ಕೇಳಬಹುದು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಮಾಂಜ್ರಾದ ಉಪನದಿಯಾದ ಕಾರಂಜಾಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಆ ನೀರು ಬೀದರ ನಗರಕ್ಕೆ ಕುಡಿಯಲೂ, ಭಾಲ್ಕಿ, ಔರಾದ್ ಕಡೆಯ ಹೊಲಗಳಿಗೂ ಹೋಗುತ್ತದೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಪ್ರಾಣಿಪ್ಲವಕಗಳನ್ನು, ಎಂದರೆ ನೀರಿನಲ್ಲಿ ತೇಲಾಡುವ ಅತಿ ಸಣ್ಣ ಜೀವಿಗಳನ್ನು, ಎಣಿಸಿ 2009ರಲ್ಲಿ ವರದಿ ಪ್ರಕಟಿಸಿದರು. ನಮಗೆ ಬೇಕಾದುದು ಆ ವಿಧಾನ.

ಸೀಸೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಕಳಿಸಿದ ನೀರು ಆ ಗಳಿಗೆಯ ಸಂಗತಿಯನ್ನಷ್ಟೇ ತಿಳಿಸುತ್ತದೆ. ಹಿಂದಿನ ರಾತ್ರಿ ಹರಿದುಹೋದ ಹೊಲಸಿಗೆ ಅದರಲ್ಲಿ ಸಾಕ್ಷಿಯಿರುವುದಿಲ್ಲ. ಜೀವಿಗಳಾದರೋ ದಿನಗಟ್ಟಲೆ, ಕೆಲವು ತಿಂಗಳುಗಟ್ಟಲೆ, ಅದೇ ನೀರಿನಲ್ಲಿ ಬಾಳತಕ್ಕವು. ಸಹಿಸುವಂಥವು ಉಳಿಯುತ್ತವೆ, ಸಹಿಸಲಾರದವು ಅಳಿಯುತ್ತವೆ. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸೋನ್ ಎಂಬವರು 1908–09ರಲ್ಲೇ ಈ ತತ್ತ್ವದ ಮೇಲೆ ಜೀವಿಗಳ ಪಟ್ಟಿ ಮಾಡಿದ್ದರು.

ಜಲಾಶಯದಲ್ಲಾದರೆ ನಯವಾದ ಬಟ್ಟೆಯ ಬಲೆಯಿಂದ ನೀರು ಸೋಸಿ, ಸಿಕ್ಕಿದ್ದನ್ನು ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ಗೊಬ್ಬರದ ಸಾರವೂ ಊರ ಚರಂಡಿಯೂ ಸೇರಿ ಪಾಚಿ ಹೆಚ್ಚಿದಲ್ಲಿ ಬ್ರಾಕಿಯೋನಸ್ ಮುಂತಾದ ಚಕ್ರಜೀವಿಗಳು ಮಿತಿಮೀರಿ ಬೆಳೆಯುತ್ತವೆ. ಆದರೆ ಬೇಸಿಗೆ, ಮಳೆಗಾಲಗಳಿಗೆ ತಕ್ಕಂತೆ ಈ ಎಣಿಕೆ ಏರಿಳಿಯುವುದರಿಂದ ಒಂದು ದಿನ ನೋಡಿ ತೀರ್ಪು ಕೊಡುವಂತಿಲ್ಲ.

ನಮ್ಮ ಹಳ್ಳಕ್ಕೆ ಸೂಕ್ಷ್ಮದರ್ಶಕವೂ ಬೇಡ. ಪಲ್ಪರ್ ಹೂಡುವ ಮುನ್ನ ಒಮ್ಮೆ, ನಿಲ್ಲಿಸಿದ ಮೇಲೆ ಒಮ್ಮೆ, ತೋಟದ ಮೇಲುಗಡೆಯೂ ಕೆಳಗಡೆಯೂ ಹತ್ತಾರು ಕಲ್ಲು ಮಗುಚಿ ನೋಡಿ. ಬಾಲದಲ್ಲಿ ಮೂರೆಳೆ ಇದ್ದು ಪಕ್ಕದ ಕಿವಿರು ಆಡಿಸುವ ಹುಳುಗಳು, ಮರಳುಕಣ ಅಂಟಿಸಿ ಗೂಡು ಕಟ್ಟಿಕೊಂಡ ಹುಳುಗಳು ಬಗೆಬಗೆಯಾಗಿ ಕಂಡರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ ಎನ್ನಬಹುದು. ಕೆಳಗಡೆ ಅವು ಮಾಯವಾಗಿ, ಕೆಸರಿನಲ್ಲಿ ರಕ್ತಗೆಂಪಿನ ಹುಳುಗಳೇ ತುಂಬಿದ್ದರೆ ಪಲ್ಪರ್ ನೀರು ಹಳ್ಳಕ್ಕೆ ಇಳಿದಿದೆಯೇ ಎಂದು ಮೊದಲು ವಿಚಾರಿಸಿ. ಕಾಫಿ ಹಣ್ಣಿನ ಲೋಳೆಯ ಸಕ್ಕರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಕೆಂಪು ಹುಳುವಿಗೆ ನಮ್ಮಂತೆಯೇ ಹಿಮೋಗ್ಲೋಬಿನ್ ಇರುವುದರಿಂದ ಅದು ಅಲ್ಲಿಯೂ ಬದುಕಬಲ್ಲದು. ಕೆಳಗಿನ ಊರಿನವರು ಬಳಸುವುದೂ ಇದೇ ನೀರನ್ನು. ಲೋಳೆ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಕಳೆಯುವ ಖರ್ಚನ್ನು ದಂಡವೆಂದು ಭಾವಿಸುವವರು ಈ ಕಲ್ಲುಗಳನ್ನು ಒಮ್ಮೆ ನೋಡಬೇಕು.

ಹುಳುಗಳು ಸರಿಯಾಗಿವೆ ಎಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವೆಂದಲ್ಲ. ರೋಗಾಣುಗಳ ಪರೀಕ್ಷೆ ಬೇರೆಯೇ ಆಗಬೇಕು.

ಇನ್ನು ಅಡಿಕೆಯವರಿಗೆ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೊದಲ್ಲಿ ಲೀಟರಿಗೆ 10 ಗ್ರಾಂ ಮೈಲುತುತ್ತ, ಅಂದರೆ ಸುಮಾರು ಎರಡೂವರೆ ಗ್ರಾಂ ತಾಮ್ರ ಇರುತ್ತದೆ. ಸುಣ್ಣ ಸೇರಿರುವುದರಿಂದ ಅಷ್ಟೂ ಕರಗಿರುವುದಿಲ್ಲ, ನಿಜ. ಆದರೆ ನೀರುಚಿಗಟಗಳನ್ನು ಕೊಲ್ಲಲು ಲೀಟರಿಗೆ ಒಂದು ಮಿಲಿಗ್ರಾಮಿನ ಅಲ್ಪಾಂಶ ಕರಗಿದ ತಾಮ್ರವೇ ಸಾಕು. ಪಂಪು, ಪೀಪಾಯಿಗಳನ್ನು ಹಳ್ಳದಲ್ಲಿ ತೊಳೆಯದೆ, ತೊಳೆದ ನೀರನ್ನು ಅದೇ ದಿನ ಕೊನೆಯ ಸಾಲಿನ ಗೊನೆಗಳಿಗೆ ಸಿಂಪಡಿಸಿಬಿಡುವುದು ಲೇಸು.